ಬಾನೆಟ್ಟಿನ ಮೇಲಿನ ಜೇಡರಬಲೆ

ನಮ್ಮ ವಂಶದಲ್ಲಿ ಕಾರು ಕೊಂಡವರಲ್ಲಿ ನಾನೇ ಮೊದಲಿಗ. 2022ರಲ್ಲಿ, ನನ್ನ 49ನೇ ವಯಸ್ಸಿನಲ್ಲಿ, ಐದು ವರ್ಷ ಓಡಿದ್ದ ಒಂದು ಸೆಕೆಂಡ್ ಹ್ಯಾಂಡ್ ಕಾರನ್ನು ಮನೆಗೆ ತಂದೆ. ಬಣ್ಣ ಕಡುನೀಲಿ. ನೆರಳಿನಲ್ಲಿ ಕಪ್ಪು, ಬಿಸಿಲಿನಲ್ಲಿ ನೀಲಿ. ನನ್ನ ತಂದೆಗೆ ಒಂದು ಸೈಕಲ್ ಇತ್ತು. ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಅದನ್ನು ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದರು. ಅವರಿಂದ ನನಗೆ ಬಂದ ಆಸ್ತಿಯೆಂದರೆ ಆ ಒರೆಸುವ ಅಭ್ಯಾಸ ಒಂದೇ.

ನಮ್ಮದು ತುಮಕೂರು. ಮನೆಯ ಮುಂದಿನ ರಸ್ತೆಯನ್ನು ಅಗೆಯುವುದು, ಮುಚ್ಚುವುದು, ಮತ್ತೆ ಅಗೆಯುವುದು ನಡೆದೇ ಇತ್ತು. ರಾತ್ರಿ ಕಾರು ನಿಲ್ಲಿಸಿದರೆ ಬೆಳಗಾಗುವುದರಲ್ಲಿ ಅದರ ಮೈಮೇಲೆ ತೆಳ್ಳನೆ ಧೂಳು. ಆರು ಗಂಟೆಗೆ ಎದ್ದು, ಹಳೆಯ ಬನಿಯನ್ ಒಂದನ್ನು ಕೈಗೆ ಸುತ್ತಿಕೊಂಡು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒರೆಸಿಬಿಡುತ್ತಿದ್ದೆ. ನೀರಿಲ್ಲ, ಸೋಪಿಲ್ಲ, ಹತ್ತು ನಿಮಿಷದ ಕೆಲಸ. ಹಾದಿಯಲ್ಲಿ ಹೋಗುವ ಹಾಲಿನವನು 'ಮೇಷ್ಟ್ರು ಕಾರನ್ನ ಮಗು ತರ ನೋಡ್ಕೋತಾರೆ' ಎನ್ನುತ್ತಿದ್ದ. ಆ ಮಾತು ಕೇಳಲು ಹಿತವಾಗಿತ್ತು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು. ಎರಡು ವರ್ಷಕ್ಕೆ ಸುಮಾರು 700 ಸಲ ಒರೆಸಿರಬೇಕೆಂದು ಆಮೇಲೆ ಲೆಕ್ಕ ಹಾಕಿದೆ. ಆಗ ಮಾತ್ರ ಆ ಲೆಕ್ಕ ಹೊಳೆದಿರಲಿಲ್ಲ.

2024ರ ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ಒಂದು ಮದುವೆ. ರಾತ್ರಿಯ ಆರತಕ್ಷತೆಗೆ ಹೋಗಿದ್ದೆವು. ಕಲ್ಯಾಣ ಮಂಟಪದ ಹೊರಗೆ ಕಣ್ಣು ಕೋರೈಸುವ ದೀಪವೊಂದರ ಕೆಳಗೆ ಕಾರು ನಿಲ್ಲಿಸಿದ್ದೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದಾಗ ನನ್ನ ಹೆಂಡತಿಯ ತಮ್ಮ ಬಾನೆಟ್ಟಿನ ಮೇಲೆ ಬಗ್ಗಿ ನೋಡುತ್ತಾ, 'ಏನ್ ಭಾವ, ಕಾರನ್ನ ತೆಂಗಿನ ನಾರಿನಲ್ಲಿ ಉಜ್ಜಿದ್ದೀರಾ?' ಎಂದ. ತಿಪಟೂರಿನವನಿಗೆ ನಾರಿನ ಹೋಲಿಕೆಯಲ್ಲದೆ ಇನ್ಯಾವುದು ಹೊಳೆದೀತು? ಜೊತೆಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ಬಗ್ಗಿ ನೋಡಿದೆ. ದೀಪದ ಪ್ರತಿಬಿಂಬದ ಸುತ್ತ ನೂರಾರು ಸಣ್ಣ ಗೀರುಗಳು, ವೃತ್ತದೊಳಗೆ ವೃತ್ತ, ಥೇಟ್ ಜೇಡರಬಲೆ. ಹಗಲಿನಲ್ಲಿ ಎಂದೂ ಕಾಣದಿದ್ದದ್ದು ಆ ದೀಪದಲ್ಲಿ ಎದ್ದು ಕುಳಿತಿತ್ತು.

ಹಿಂದಿನ ಭಾನುವಾರ, ಮದುವೆಗೆ ಹೋಗುವ ಕಾರೆಂದು ನನ್ನ ಮಗ ಅದನ್ನು ಬಕೆಟ್ಟು ನೀರಿಟ್ಟುಕೊಂಡು ತೊಳೆದಿದ್ದ. ನನಗೆ ಅಷ್ಟು ಸಾಕಾಯಿತು. 'ಯಾವುದರಲ್ಲಿ ಉಜ್ಜಿದೆಯೋ? ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದ್ದೀಯಾ? ಓದೂ ಹೀಗೇ, ಇದೂ ಹೀಗೇ' ಎಂದೆ. ನೆಂಟರೆದುರಿಗೇ ಎಂದೆ. ಅವನು ಆಗ ದ್ವಿತೀಯ ಪಿಯುಸಿ. ಪರೀಕ್ಷೆಗೆ ಮೂರು ವಾರವಿತ್ತು. ಅವನು ಏನೂ ಹೇಳಲಿಲ್ಲ. ಕಾರಿನ ಮೇಲ್ಭಾಗವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಹಿಂದಿನ ಸೀಟಿನಲ್ಲಿ ಹೋಗಿ ಕುಳಿತ. ಊರು ಮುಟ್ಟುವವರೆಗೆ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಕಾರಿನ ತಂಟೆಗೇ ಬರಲಿಲ್ಲ.

ಮರುವಾರ ನಾನು ಊರಲ್ಲಿನ ಒಂದು ಅಂಗಡಿಗೆ ಕಾರು ಬಿಟ್ಟೆ. ಎರಡೇ ಗಂಟೆಯಲ್ಲಿ ಕನ್ನಡಿಯಂತೆ ಹೊಳೆಯುವ ಕಾರು ವಾಪಸು ಬಂತು. ಗೀರು ಮಾಯ! ಕೇಳಿದಷ್ಟು ಹಣ ಕೊಟ್ಟು, ಬೀಗುತ್ತ ಮನೆಗೆ ಬಂದೆ. ಬೆಳಗಿನ ಬನಿಯನ್ ಸೇವೆ ಎಂದಿನಂತೆ ಮುಂದುವರಿಯಿತು. ಏಪ್ರಿಲ್ 9ರಂದು ಯುಗಾದಿ. ಹಬ್ಬಕ್ಕೆಂದು ಕಾರು ತೊಳೆದು, ಮಾವಿನ ಎಲೆ ಕಟ್ಟಿ, ಪೂಜೆ ಮಾಡಿದೆವು. ಸಂಜೆ ಬೀದಿ ದೀಪ ಹತ್ತಿದಾಗ ನೋಡಿದರೆ ಜೇಡರಬಲೆ ಅಲ್ಲೇ ಇದೆ. ಮರುದಿನವೇ ಪಿಯುಸಿ ಫಲಿತಾಂಶ. ಮಗ ಭೌತಶಾಸ್ತ್ರದಲ್ಲಿ ಅನುತ್ತೀರ್ಣನಾಗಿದ್ದ.

ಆ ದಿನ ನಾನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತೇನೋ. ಮಾತು ಬಿಟ್ಟೆ. ಶಾಲೆಯಲ್ಲಿ ಸಹೋದ್ಯೋಗಿಗಳು 'ಮಗಂದೇನಾಯ್ತು ಸಾರ್?' ಎಂದು ಕೇಳುವುದನ್ನು ತಪ್ಪಿಸಿಕೊಳ್ಳಲು ಸ್ಟಾಫ್ ರೂಮಿಗೂ ಹೋಗುತ್ತಿರಲಿಲ್ಲ. 2024ರಿಂದ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದ್ದರಿಂದ ಏಪ್ರಿಲ್ ಕೊನೆಗೇ ಅವನು ಮತ್ತೆ ಬರೆಯಬಹುದಿತ್ತು. ಅವನು ರೂಮಿನ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದ. ಓದುತ್ತಿದ್ದನೋ ಗೋಡೆ ನೋಡುತ್ತಿದ್ದನೋ, ಒಳಗೆ ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ.

ಅದೇ ವಾರ ಪಂಕ್ಚರ್ ಹಾಕಿಸಲೆಂದು ಶಿರಾ ಗೇಟಿನ ಕಡೆ ಹೋದಾಗ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿಯ ಪರಿಚಯವಾಯಿತು. ಅರವತ್ತು ದಾಟಿದ ಮನುಷ್ಯ. ಟಿಂಕರಿಂಗ್, ಪೇಂಟಿಂಗ್‌ನಲ್ಲೇ ನಲವತ್ತು ವರ್ಷ ಕಳೆದವರು. ಅಂಬಾಸಿಡರ್ ಕಾಲದಿಂದ ಈಗಿನ ಕಾಲದವರೆಗೆ ಎಲ್ಲ ಬಣ್ಣವನ್ನೂ ಕಂಡವರು. ನನ್ನ ಗೋಳು ಕೇಳಿ, ಒಂದು ಬಾಟಲಿಯಿಂದ ಸ್ಪಿರಿಟ್ಟಿನಂಥ ದ್ರವವನ್ನು ಬಟ್ಟೆಗೆ ಹಾಕಿ ಬಾನೆಟ್ಟಿನ ಒಂದು ಮೂಲೆ ಒರೆಸಿದರು. ಅಲ್ಲಿ ಇನ್ನೂ ನೂರು ಗೀರು ಹೆಚ್ಚಾಗಿ ಕಂಡವು.

'ಮೇಷ್ಟ್ರೇ, ಆ ಅಂಗಡಿಯೋರು ಗೀರು ತೆಗ್ದಿಲ್ಲ, ತುಂಬವ್ರೆ. ಎಣ್ಣೆ, ಮೇಣ ಮೆತ್ತಿದರೆ ಗೀರು ಮುಚ್ಕೊಳ್ತದೆ. ನಾಲ್ಕು ಸಲ ತೊಳೆದರೆ ಎದ್ದು ಬರ್ತದೆ. ತೆಗೆಯೋದೇ ಬೇರೆ, ಮುಚ್ಚೋದೇ ಬೇರೆ' ಎಂದರು.

ಆಮೇಲೆ ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಕೈಯಲ್ಲಿ ಟಾರ್ಚು. ಮೆಟ್ಟಿಲಿನಂಥ ಒಂದು ಸ್ಟೂಲು ಹತ್ತಿ ಮೇಲ್ಛಾವಣಿಯನ್ನೂ ನೋಡಿದರು. ಇಳಿದು ಬಂದು ಕೇಳಿದರು: 'ದಿನಾ ಒರೆಸೋರು ಯಾರು?'

'ನಾನೇ.'

'ಬಟ್ಟೆ ಒಣಗಿದ್ದೋ, ನೆಂದದ್ದೋ?'

'ಒಣಗಿದ್ದು.'

'ತೊಳೆಯೋದು?'

'ಮಗ ತೊಳೀತಾನೆ, ಯಾವಾಗಲಾದರೂ. ಇದೆಲ್ಲ ಅವನದೇ ಕೆಲಸ' ಎಂದೆ.

ಮೇಸ್ತ್ರಿ ನನ್ನನ್ನೂ ಸ್ಟೂಲು ಹತ್ತಿಸಿದರು. ಟಾರ್ಚು ಬಿಟ್ಟು ತೋರಿಸಿದರು. ಛಾವಣಿಯ ಎರಡು ಅಂಚುಗಳಲ್ಲಿ, ಸುಮಾರು ಒಂದೂವರೆ ಅಡಿಯಷ್ಟು ಅಗಲಕ್ಕೆ, ಗೀರುಗಳ ಜಾತ್ರೆ. ನಡುವಿನ ಪಟ್ಟಿಯಲ್ಲಿ ಗೀರು ಇಲ್ಲವೆನ್ನುವಷ್ಟು ಕಡಿಮೆ. ಕಡುನೀಲಿ ಬಣ್ಣ ಕೊಳದ ನೀರಿನಂತೆ ನಿಂತಿತ್ತು.

'ನಿಮ್ಮ ಮಗ ತೊಳೆಯೋವಾಗ ಮಧ್ಯ ಬಿಟ್ಟು ತೊಳೀತಾನಾ?'

ಇಲ್ಲ. ಅವನು ನನಗಿಂತ ಅರ್ಧ ಅಡಿ ಎತ್ತರ. ಬಾಗಿಲು ತೆಗೆದು ಹೊಸ್ತಿಲ ಮೇಲೆ ಕಾಲಿಟ್ಟು ಇಡೀ ಛಾವಣಿಯನ್ನು ನೀರು ಹೊಯ್ದು ತೊಳೆಯುತ್ತಾನೆ. ನಡುವಿನ ಆ ಪಟ್ಟಿ ಎಟುಕದಿರುವುದು ನನಗೆ. ನಾನು ದಿನಾ ಅಂಚುಗಳನ್ನಷ್ಟೇ ಒರೆಸಿ ಬಿಡುತ್ತಿದ್ದೆ. ಗೀರು ಎಲ್ಲಿ ನಿಂತಿತ್ತೋ ಅಲ್ಲಿಗೆ ನನ್ನ ತೋಳಿನ ಉದ್ದವೂ ನಿಂತಿತ್ತು.

ಮೂವತ್ತು ಮಕ್ಕಳ ತರಗತಿಯಲ್ಲಿ ನಾನು ದಿನಾ ಹೇಳುವ ಮಾತೊಂದಿದೆ: 'ಹಂತಗಳನ್ನು ತೋರಿಸದೆ ಉತ್ತರ ಬರೆದರೆ ಅಂಕ ಕೊಡುವುದಿಲ್ಲ.' ತಿಪಟೂರಿನ ಆ ದೀಪದ ಕೆಳಗೆ ನಾನು ಒಂದೂ ಹಂತವಿಲ್ಲದೆ ಉತ್ತರ ಬರೆದಿದ್ದೆ. ಉತ್ತರವೂ ತಪ್ಪು. ಸ್ಟೂಲಿನಿಂದ ಇಳಿಯುವಾಗ ಮೊಣಕಾಲು ಸ್ವಲ್ಪ ನಡುಗಿತು.

'ಧೂಳು ಅಂದ್ರೆ ಬರೀ ಮಣ್ಣಲ್ಲ ಮೇಷ್ಟ್ರೇ, ಮರಳು' ಎಂದರು ಮೇಸ್ತ್ರಿ. ಅದನ್ನು ನಾನೇ ಮನೆಗೆ ಬಂದು ಪುಸ್ತಕದ ಭಾಷೆಯಲ್ಲಿ ಯೋಚಿಸಿದೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಅತಿ ಸಣ್ಣ ಕಣಗಳಿರುತ್ತವೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕವಾದರೆ ಬೆಣಚುಕಲ್ಲಿಗೆ 7. ಕಾರಿನ ಬಣ್ಣ ಅದರ ಮುಂದೆ ಬೆಣ್ಣೆಯಷ್ಟೇ ಮೆದು. ಒಣ ಬಟ್ಟೆಯಲ್ಲಿ ಆ ಕಣಗಳನ್ನು ಸಿಕ್ಕಿಸಿಕೊಂಡು ಎಳೆದರೆ ಬಟ್ಟೆ ಬಟ್ಟೆಯಾಗಿ ಉಳಿಯುವುದಿಲ್ಲ, ಉಪ್ಪುಕಾಗದವಾಗುತ್ತದೆ. ನೀರು ಹೊಯ್ದು ತೊಳೆದರೆ ಕಣ ಜಾರಿಹೋಗುತ್ತದೆ. ಮಗ ಮಾಡಿದ್ದು ಅದನ್ನು. ನಾನು ಮಾಡಿದ್ದು ಉಪ್ಪುಕಾಗದದ ಕೆಲಸವನ್ನು.

ಆ ಗೀರುಗಳನ್ನು ತೆಗೆಯಲು ಮೇಸ್ತ್ರಿ ಒಪ್ಪಿದರು. ಭಾನುವಾರ ಬನ್ನಿ, ಜೊತೆಗೆ ಒಬ್ಬ ಸಹಾಯಕ್ಕೆ ಬೇಕು, ನನ್ನ ಹುಡುಗ ಊರಿಗೆ ಹೋಗಿದ್ದಾನೆ ಎಂದರು. ನಾನು ಮನೆಗೆ ಬಂದು ಮಗನ ರೂಮಿನ ಬಾಗಿಲು ತಟ್ಟಿ, 'ಭಾನುವಾರ ಗ್ಯಾರೇಜಿಗೆ ಬರ್ತೀಯೇನೋ?' ಎಂದೆ. ಅವನಿಗಿಂತ ಮೊದಲು ಅವನ ತಾಯಿ ಉತ್ತರ ಕೊಟ್ಟಳು. 'ಪರೀಕ್ಷೆಗೆ ಎರಡು ವಾರ ಇದೆ. ಮಗನ್ನ ಗ್ಯಾರೇಜಿಗೆ ಕರ್ಕೊಂಡು ಹೋಗ್ತೀರಾ? ನಿಮಗೇನಾಗಿದೆ?' ಅವಳ ಪ್ರಶ್ನೆ ನ್ಯಾಯವಾದದ್ದೇ. ನನಗೆ ಬೇರೆ ದಾರಿ ಕಾಣಲಿಲ್ಲ. ಮನೆಯಲ್ಲಿ ಎದುರುಬದುರು ಕೂತು ಹೇಳಲಾಗದ ಮಾತೊಂದಿತ್ತು. ಕೈಗೆ ಕೆಲಸವಿದ್ದರೆ ಬಾಯಿ ಬಿಟ್ಟೀತೆಂಬ ಆಸೆ. 'ಒಂದೇ ದಿನ' ಎಂದೆ. ಮಗ ಏನೂ ಹೇಳದೆ ಭಾನುವಾರ ಬೆಳಗ್ಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ.

ಯಂತ್ರ ಮುಟ್ಟುವ ಮುಂಚೆ ಅರ್ಧ ದಿನ ತಯಾರಿಯಲ್ಲೇ ಹೋಯಿತು. ಮೊದಲು ತೊಳೆಯುವುದು. ಎರಡು ಬಕೆಟ್ಟು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂವಿಗೆ ಅದ್ದಬೇಕು. ಕೆಳಗಿನ ಬಾಗಿಲು, ಚಕ್ರದ ಪಕ್ಕದ ಭಾಗ ಕೊನೆಗೆ, ಏಕೆಂದರೆ ಮರಳು ಹೆಚ್ಚು ಇರುವುದು ಅಲ್ಲೇ. ತೊಳೆದಾದ ಮೇಲೆ ಮೇಸ್ತ್ರಿ ನನ್ನ ಮಗನ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ತೊಡಿಸಿ, 'ಈಗ ಸವರಿ ನೋಡು' ಎಂದರು. ಬರಿಗೈಗೆ ನುಣುಪಾಗಿದ್ದ ಬಾನೆಟ್ಟು ಕವರ್ ತೊಟ್ಟ ಕೈಗೆ ರವೆ ಚೆಲ್ಲಿದ ಹಾಗೆ ಹತ್ತಿತು. ತೊಳೆದರೂ ಹೋಗದೆ ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಪುಡಿ, ಟಾರಿನ ಚುಕ್ಕೆ, ಮರದ ಅಂಟು. ಅದನ್ನು ತೆಗೆಯಲು ಮಕ್ಕಳು ಆಡುವ ಜೇಡಿಯಂಥ ಒಂದು ಮುದ್ದೆಯನ್ನು, ಮೇಲೆ ಸೋಪು ನೀರು ಚಿಮುಕಿಸುತ್ತ, ಹಗುರವಾಗಿ ಉಜ್ಜಿದರು. ಕಿಟಕಿಯ ರಬ್ಬರು, ಪ್ಲಾಸ್ಟಿಕ್ ಪಟ್ಟಿಗಳಿಗೆಲ್ಲ ಟೇಪು ಅಂಟಿಸಿದ್ದಾಯಿತು.

ಆಮೇಲೆ ಮೇಸ್ತ್ರಿ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ತೆಗೆದರು. ಬಾನೆಟ್ಟಿನ ಮೇಲೆ ಇಟ್ಟರೆ 112 ಎಂದು ಬಂತು. ಮೈಕ್ರಾನಿನ ಲೆಕ್ಕ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಅಂದರೆ ನಾವು ಕಾರಿನ ಬಣ್ಣ ಎನ್ನುವುದೆಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲೂ ಪದರಗಳಿವೆ. ತಗಡಿಗೆ ತುಕ್ಕು ಹಿಡಿಯದಂತೆ ಕೆಳಗೊಂದು ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಈ ಮೇಲಿನ ಪದರ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಗೀರು ಬಿದ್ದಿರುವುದು ಇದರಲ್ಲಿ, ಹೊಳಪು ಇರುವುದು ಇದರಲ್ಲಿ, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಎಡಗಡೆಯ ಹಿಂದಿನ ಬಾಗಿಲಿಗೆ ಮೀಟರ್ ಇಟ್ಟಾಗ 240 ಬಂತು. ಮೇಸ್ತ್ರಿ ನಕ್ಕರು. 'ಈ ಬಾಗಿಲಿಗೆ ಎರಡನೇ ಸಲ ಬಣ್ಣ ಹೊಡ್ದವ್ರೆ. ಎಲ್ಲೋ ತಗುಲಿರಬೇಕು.' ಒಂದು ಗೀರೂ ಬೀಳದ ಗಾಡಿ ಎಂದು ದೇವರ ಮೇಲೆ ಆಣೆ ಇಟ್ಟು ಮಾರಿದವನ ಮುಖ ನೆನಪಾಯಿತು.

ಬೆರಳುಗುರಿನಿಂದ ಗೀರಿನ ಮೇಲೆ ಅಡ್ಡಲಾಗಿ ಎಳೆದು ನೋಡುವುದು ಇನ್ನೊಂದು ಪರೀಕ್ಷೆ. ಉಗುರು ಸಿಕ್ಕಿಕೊಂಡರೆ ಗೀರು ಆಳ, ಪಾಲಿಶಿಗೆ ಹೋಗುವುದಿಲ್ಲ. ಜಾರಿಹೋದರೆ ತೆಗೆಯಬಹುದು. ನಮ್ಮ ಕಾರಿನಲ್ಲಿ ಗೇಟಿನ ಕೊಂಡಿ ಎಳೆದ ಒಂದು ಗೀರನ್ನು ಬಿಟ್ಟರೆ ಮಿಕ್ಕದ್ದೆಲ್ಲ ಜಾರುವ ಜಾತಿಯದು.

ಯಂತ್ರದ ವಿಷಯಕ್ಕೆ ಬರೋಣ. ಗ್ಯಾರೇಜುಗಳಲ್ಲಿ 'ರಬ್ಬಿಂಗ್' ಎಂದು ಕರೆಯುವ ಕೆಲಸಕ್ಕೆ ಮೊದಲಿನಿಂದ ಬಳಸುವುದು ಒಂದೇ ಕಡೆ ಗಿರ್ರನೆ ತಿರುಗುವ ರೋಟರಿ ಯಂತ್ರ. ಕೈ ಪಳಗದವರು ಅದನ್ನು ಒಂದೇ ಜಾಗದಲ್ಲಿ ಎರಡು ಕ್ಷಣ ಹೆಚ್ಚು ನಿಲ್ಲಿಸಿದರೆ ಬಿಸಿಯಾಗಿ ಬಣ್ಣ ಸುಟ್ಟುಹೋಗುತ್ತದೆ. ಮೇಸ್ತ್ರಿ ಅಂದು ತೆಗೆದದ್ದು ಡ್ಯುಯಲ್ ಆ್ಯಕ್ಷನ್ ಎಂಬ ಇನ್ನೊಂದು ಬಗೆ. ಇದರ ಪ್ಯಾಡು ತನ್ನ ಸುತ್ತ ತಾನು ತಿರುಗುತ್ತಲೇ ಒಂದು ಸಣ್ಣ ವೃತ್ತದಲ್ಲೂ ಓಲಾಡುತ್ತದೆ, ಭೂಮಿ ತಿರುಗುತ್ತಲೇ ಸೂರ್ಯನನ್ನು ಸುತ್ತುವ ಹಾಗೆ. ಒಂದೇ ಜಾಗವನ್ನು ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಉಜ್ಜದೆ ಇರುವುದರಿಂದ ಬಿಸಿ ಕಡಿಮೆ, ಹೊಸ ಗೀರಿನ ಭಯವೂ ಕಡಿಮೆ. ಅದರ ತುದಿಗೆ ಸ್ಪಂಜಿನ ಪ್ಯಾಡು. ಪ್ಯಾಡಿನ ಮೇಲೆ ಬಟಾಣಿ ಕಾಳಿನಷ್ಟು ಗಾತ್ರದ ನಾಲ್ಕು ಹನಿ ಪಾಲಿಶ್. ಅದರಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆ ಪುಡಿಯ ಗಡಸುತನ 9, ಬೆಣಚುಕಲ್ಲಿಗಿಂತಲೂ ಹೆಚ್ಚು! ಗೀರುವುದೂ ಪುಡಿಯೇ, ಗೀರು ತೆಗೆಯುವುದೂ ಪುಡಿಯೇ. ಒಂದರ ಕಣ ಅಡ್ಡಾದಿಡ್ಡಿ, ಇನ್ನೊಂದರದು ಅತಿ ಸಣ್ಣದು, ಒಂದೇ ಸಮ. ವ್ಯತ್ಯಾಸ ಇಷ್ಟೇ.

'ಗೀರು ಹೇಗೆ ಹೋಗುತ್ತೆ?' ಎಂದು ಮಗ ಕೇಳಿದ. ಎರಡು ತಿಂಗಳಲ್ಲಿ ನನ್ನೆದುರು ಅವನು ಕೇಳಿದ ಮೊದಲ ಪ್ರಶ್ನೆ ಅದು.

'ಹೊಲದಲ್ಲಿ ಒಂದು ಹಳ್ಳ ಐತೆ ಅಂದ್ಕೋ' ಎಂದರು ಮೇಸ್ತ್ರಿ. 'ಮಣ್ಣು ತಂದು ತುಂಬಬಹುದು, ಮಳೆ ಬಂದ್ರೆ ಕೊಚ್ಚಿ ಹೋಯ್ತದೆ. ಇಲ್ಲಾ, ಸುತ್ತ ಇರೋ ನೆಲಾನೇ ಹಳ್ಳದ ತಳದ ಮಟ್ಟಕ್ಕೆ ತಗ್ಗಿಸಬಹುದು. ಪಾಲಿಶ್ ಮಾಡೋದು ಎರಡನೇದು. ಅದಕ್ಕೇ ಸಲೀಸಾಗಿ ಮಾಡಬಾರದು. ತಗ್ಗಿಸಿದ್ದು ವಾಪಸ್ ಬರಲ್ಲ.'

ಹಗುರವಾದ ಪಾಲಿಶಿನಲ್ಲಿ ಹೋಗುವುದು ಒಂದರಿಂದ ಮೂರು ಮೈಕ್ರಾನ್. ಆದರೂ 40-50ರ ಗಂಟಿನಿಂದ ಖರ್ಚಾಗುವ ಹಣ ಅದು, ಮತ್ತೆ ಜಮಾ ಆಗುವುದಿಲ್ಲ. ಆದ್ದರಿಂದ ಮೊದಲು ಎರಡಡಿ ಚೌಕದ ಒಂದು ಜಾಗದಲ್ಲಿ ಪ್ರಯೋಗ. ಅತಿ ಮೆದುವಾದ ಪ್ಯಾಡು, ಅತಿ ನುಣುಪಾದ ಪಾಲಿಶಿನಿಂದ ಶುರು. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ನಿಧಾನ ವೇಗದಲ್ಲಿ ಪಾಲಿಶನ್ನು ಹರಡಿ, ಆಮೇಲೆ ವೇಗ ಹೆಚ್ಚಿಸಿ, ಉದ್ದುದ್ದ ಸಾಲು, ಅದರ ಮೇಲೆ ಅಡ್ಡಡ್ಡ ಸಾಲು. ಒಂದು ಸಾಲಿನ ಅರ್ಧ ಭಾಗದ ಮೇಲೆ ಇನ್ನೊಂದು ಸಾಲು ಬರಬೇಕು, ರಂಗಮಂಟಪ ಗುಡಿಸುವ ಹಾಗೆ. ಸೆಕೆಂಡಿಗೆ ಒಂದಂಗುಲ, ಅಷ್ಟೇ ನಡಿಗೆ.

ಮೇಸ್ತ್ರಿ ಪ್ಯಾಡಿನ ಪಕ್ಕದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಹಟದಿಂದ ಗೀರು ತೆಗೆಯುವ ಉಮೇದಿನಲ್ಲಿ ನಾನು ಮೈಭಾರ ಹಾಕಿ ಒತ್ತಿದೆ. ಯಂತ್ರ ಗುಂಯ್‌ಗುಟ್ಟಿತು, ಪ್ಯಾಡಿನ ಮೇಲಿನ ಗೆರೆ ಮಾತ್ರ ಅಲ್ಲೇ ನಿಂತಿತು. 'ನೋಡಿ, ಒತ್ತಿದಿರಿ, ತಿರುಗೋದು ನಿಂತೋಯ್ತು. ಈಗ ಬರೀ ನಡುಗ್ತಾ ಐತೆ, ಕೆಲಸ ಆಗ್ತಿಲ್ಲ. ಅದರ ಭಾರಾನೇ ಹೆಚ್ಚೂಕಡಿಮೆ ಸಾಕು, ಮೇಷ್ಟ್ರೇ. ನೀವು ದಾರಿ ತೋರಿಸ್ರಿ, ಅದು ಕೆಲಸ ಮಾಡ್ತದೆ.'

ನಾನು ತಲೆ ಎತ್ತಲಿಲ್ಲ. ಮಗನೂ ಬೇರೆ ಕಡೆ ನೋಡಿದ. ಯಂತ್ರವನ್ನು ಅವನಿಗೆ ಕೊಟ್ಟೆ. ಅವನು ಒತ್ತಲಿಲ್ಲ. ಗೆರೆ ಕಾಣದಷ್ಟು ಸಲೀಸಾಗಿ ಪ್ಯಾಡು ತಿರುಗಿತು. ಮೂರು ಸುತ್ತು ಮುಗಿಸಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಎಣ್ಣೆಯಂಶ ಗೀರನ್ನು ಮುಚ್ಚಿ ಮೋಸ ಮಾಡದಿರಲೆಂದು ಸ್ಪಿರಿಟ್ಟಿನಿಂದ ಮತ್ತೊಮ್ಮೆ ಒರೆಸಿದರು. ನಾನು ಟಾರ್ಚು ಹಿಡಿದೆ. ಎರಡಡಿ ಚೌಕದಲ್ಲಿ ಟಾರ್ಚಿನ ಬಿಂಬ ಒಂದೇ ಒಂದು ಚುಕ್ಕೆಯಾಗಿ ಕಂಡಿತು. ಚೌಕದಾಚೆಗೆ ಸರಿಸಿದರೆ ಮತ್ತೆ ಜೇಡರಬಲೆ. ನಡುವೆ ಚಾಕುವಿನಿಂದ ಕತ್ತರಿಸಿದಂಥ ಗಡಿ. ಪ್ಯಾಡಿಗೆ ಮೆತ್ತಿದ್ದು ನೀಲಿಯಲ್ಲ, ಬಿಳಿ. ತೆಗೆದದ್ದು ಪಾರದರ್ಶಕ ಪದರವನ್ನಾದ್ದರಿಂದ ನೀಲಿ ಬರುವುದಿಲ್ಲ. ಹಿಂದಿನ ಕಾಲದ ಒಂದೇ ಪದರದ ಬಣ್ಣವಾಗಿದ್ದರೆ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತಿತ್ತು ಎಂದರು ಮೇಸ್ತ್ರಿ.

ಟಾರ್ಚನ್ನು ಅತ್ತಿತ್ತ ಸರಿಸುತ್ತಿದ್ದ ನನಗೆ ಒಂದು ವಿಚಿತ್ರ ಕಂಡಿತು. ಜೇಡರಬಲೆಯೂ ಟಾರ್ಚಿನ ಜೊತೆಗೇ ಸರಿಯುತ್ತಿತ್ತು. 'ಗೀರು ಹೇಗೆ ನಡೆದಾಡುತ್ತೆ?' ಎಂದೆ, ಯಾರಿಗೂ ಅಲ್ಲದೆ.

ಮಗ ಸ್ವಲ್ಪ ಹೊತ್ತು ನೋಡಿ ಹೇಳಿದ. 'ವೃತ್ತಗಳೇ ಇಲ್ಲ ಅಪ್ಪ. ಗೀರು ಎಲ್ಲಾ ದಿಕ್ಕಿಗೂ ಇದೆ. ಬೆಳಕಿಗೆ ಅಡ್ಡವಾಗಿರೋ ಗೀರು ಮಾತ್ರ ಬೆಳಕನ್ನ ನಮ್ಮ ಕಣ್ಣಿಗೆ ತಿರುಗಿಸುತ್ತೆ. ಉಳಿದಿದ್ದು ಬೇರೆ ಕಡೆ ಕಳಿಸುತ್ತೆ, ನಮಗೆ ಕಾಣಲ್ಲ. ಬಿಂಬದ ಸುತ್ತ ಎಲ್ಲಾ ಕಡೆ ಅಡ್ಡವಾಗಿರೋ ಚೂರುಗಳಷ್ಟೇ ಕಂಡ್ರೆ ವೃತ್ತ ಆದ ಹಾಗೆ ಕಾಣುತ್ತೆ. ಪ್ರತಿಫಲನ ಅಷ್ಟೇ.'

ಭೌತಶಾಸ್ತ್ರದಲ್ಲಿ ನಪಾಸಾದವನು ಹೇಳಿದ ಮಾತು ಇದು. ಓದುವ ಮಕ್ಕಳು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ವರ್ಷಗಟ್ಟಲೆ ಉಜ್ಜಿ ತೊಳೆದ ಸ್ಟೀಲ್ ಟ್ರೇ ಒಂದನ್ನು ಒಂಟಿ ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ವೃತ್ತಗಳು ಕಾಣುತ್ತವೆ. ಟ್ರೇಯನ್ನು ಸರಿಸಿ. ವೃತ್ತಗಳು ಟ್ರೇಯ ಜೊತೆ ಹೋಗುವುದಿಲ್ಲ, ಬಿಂಬದ ಸುತ್ತಲೇ ಇರುತ್ತವೆ.

ಮಧ್ಯಾಹ್ನ ಮೂರಕ್ಕೆ ಪಕ್ಕದ ಅಂಗಡಿಯಿಂದ ಟೀ ಬಂತು. ಮೇಸ್ತ್ರಿ ಯಾರೋ ಗಿರಾಕಿಯ ಜೊತೆ ಮಾತಾಡಲು ಹೊರಗೆ ಹೋದರು. ನಾವಿಬ್ಬರೂ ಹಳೇ ಟೈರುಗಳ ಮೇಲೆ ಕೂತಿದ್ದೆವು. ಎರಡು ಗುಟುಕು ಕುಡಿದು ಹೇಳಿದೆ. 'ಆ ಗೀರೆಲ್ಲ ನಾನು ಮಾಡಿದ್ದು ಕಣೋ. ನಿಂದಲ್ಲ. ಅವತ್ತು ಎಲ್ಲರೆದುರಿಗೆ ನಿನ್ನ ಅಂದಿದ್ದು ತಪ್ಪು.'

ಅವನು ಟೀ ಲೋಟದೊಳಗೆ ನೋಡುತ್ತ, 'ಗೊತ್ತಿತ್ತಪ್ಪ' ಎಂದ.

'ಏನು ಗೊತ್ತಿತ್ತು?'

'ಅವತ್ತೇ ರೂಫ್ ನೋಡಿದೆ. ಮಧ್ಯ ಕ್ಲೀನಾಗಿತ್ತು. ಅಲ್ಲಿ ನಿಮ್ಮ ಕೈ ಎಟುಕಲ್ಲ.'

'ಹಾಗಾದರೆ ಹೇಳಬಾರದಿತ್ತೇನೋ?'

'ನೀವು ಕೇಳ್ಲಿಲ್ಲ.'

ಅದರಲ್ಲಿ ಕೋಪವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಸ್ತ್ರಿ ಒಂದು ಕಾರಿನ ಮೈ ಮುಟ್ಟುವ ಮುಂಚೆ ನನಗೆ ಮೂರು ಪ್ರಶ್ನೆ ಕೇಳಿದ್ದರು. ನಾನು ಹೆತ್ತ ಮಗನಿಗೆ ಒಂದನ್ನೂ ಕೇಳಿರಲಿಲ್ಲ. ಟೀ ಲೋಟ ಕೆಳಗಿಟ್ಟು, ಇನ್ನೊಂದು ಮಾತೂ ಆಗಲೇ ಆಗಿಬಿಡಲೆಂದು, 'ಫಿಸಿಕ್ಸಿನಲ್ಲಿ ಏನಾಯ್ತು?' ಎಂದು ಕೇಳಿದೆ. ಈ ಸಲ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದೆ. ಅವನಿಗೆ ಪಾಠ ಅರ್ಥವಾಗುತ್ತಿತ್ತು. ಲೆಕ್ಕಗಳಲ್ಲಿ ಏಕಮಾನ ಬದಲಿಸುವಾಗ ತಪ್ಪುತ್ತಿತ್ತು. ಒಂದು ಲೆಕ್ಕ ತಪ್ಪಿದೊಡನೆ ಗಾಬರಿಯಾಗಿ ಮಿಕ್ಕದ್ದನ್ನೂ ಬಿಟ್ಟು ಬಂದಿದ್ದ. ಗಣಿತದ ಮೇಷ್ಟ್ರ ಮನೆಯಲ್ಲಿ ಇದನ್ನು ಹೇಳಲು ನಾಚಿಕೆಯಾಯಿತಂತೆ. ಪಕ್ಕದ ಮನೆಯ ಮಕ್ಕಳೆಲ್ಲ ಲೆಕ್ಕ ಕೇಳಲು ನನ್ನ ಹತ್ತಿರ ಬರುತ್ತಾರೆ. ಪಕ್ಕದ ರೂಮಿನವನು ಬರಲಿಲ್ಲ.

ಸಂಜೆ ಏಳರ ಹೊತ್ತಿಗೆ ಕೆಲಸ ಮುಗಿಯಿತು. ಅಂಚುಗಳಲ್ಲಿ, ಬಾಗಿಲ ಏಣುಗಳಲ್ಲಿ ಬಣ್ಣ ತೆಳುವಾಗಿರುತ್ತದೆಂದು ಮೇಸ್ತ್ರಿ ಅಲ್ಲಿ ಯಂತ್ರ ಹಾಯಿಸಲೇ ಇಲ್ಲ, ಕೈಯಲ್ಲೇ ಸವರಿದರು. ಕೊನೆಗೆ ಇಡೀ ಕಾರಿಗೆ ಮೇಣದ ತೆಳು ಲೇಪ. ಗೇಟಿನ ಕೊಂಡಿಯ ಗೀರು ಹಾಗೇ ಉಳಿದಿತ್ತು. ಇನ್ನೂ ನಾಲ್ಕಾರು ಆಳದ ಗೀರುಗಳೂ ಇದ್ದವು. 'ಇದನ್ನೂ ತೆಗೆದುಬಿಡಿ' ಎಂದೆ. ಮೇಸ್ತ್ರಿ ತಲೆಯಾಡಿಸಿದರು. 'ಅದನ್ನ ತೆಗೆಯೋಕೆ ಹೋದ್ರೆ ಮೇಲಿನ ಪದರಾನೇ ಹೋಯ್ತದೆ. ಆಮೇಲೆ ಎರಡು ಬೇಸಿಗೆಗೆ ಬಣ್ಣ ಸುಲೀತದೆ. ಇರಲಿ ಬಿಡಿ. ಗಾಡಿ ಅಂದ್ಮೇಲೆ ಒಂದೆರಡು ಗೀರು ಇರ್ತದೆ.'

ಮರುದಿನದಿಂದ ರಾತ್ರಿ ಊಟವಾದ ಮೇಲೆ ಒಂದು ಗಂಟೆ ನಾವಿಬ್ಬರೂ ಊಟದ ಮೇಜಿನ ಮೇಲೆ ಭೌತಶಾಸ್ತ್ರದ ಲೆಕ್ಕ ಹಿಡಿದು ಕೂರುತ್ತಿದ್ದೆವು. ಅವನು ತಪ್ಪಿದಾಗ ನನ್ನ ದನಿ ಏರುತ್ತಿತ್ತು. ಏರಿದ್ದು ನನಗೇ ಕೇಳಿಸಿ ಇಳಿಸಿಕೊಳ್ಳುತ್ತಿದ್ದೆ. ಒಮ್ಮೆ ಅವನೇ ನಗುತ್ತ, 'ಅಪ್ಪ, ಪ್ಯಾಡು ನಿಂತೋಯ್ತು' ಎಂದ. ಅವನ ತಾಯಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು. ಮೇ ತಿಂಗಳಲ್ಲಿ ಎರಡನೇ ಪರೀಕ್ಷೆಯ ಫಲಿತಾಂಶ ಬಂದಾಗ ಪಾಸಾಗಿದ್ದ. ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕವೇನಲ್ಲ. ನನಗೆ ಸಾಕು. ಈಗ ಅವನು ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಾನೆ, ಭೌತಶಾಸ್ತ್ರವನ್ನೂ ಒಂದು ವಿಷಯವಾಗಿ ತೆಗೆದುಕೊಂಡು.

ಬನಿಯನ್ ಸೇವೆ ಅಂದಿಗೆ ನಿಂತಿತು. ಧೂಳು ಕೂತಿದ್ದರೆ ಕೂತಿರಲಿ, ನೀರು ಹೊಯ್ಯದೆ ಮುಟ್ಟುವುದಿಲ್ಲ. ಭಾನುವಾರ ಎರಡು ಬಕೆಟ್ಟು ಹೊರಗೆ ಬರುತ್ತವೆ. ಹಾಲಿನವನು, 'ಯಾಕೆ ಮೇಷ್ಟ್ರೇ, ಇತ್ತೀಚೆಗೆ ಕಾರನ್ನ ಒರೆಸೋದೇ ಇಲ್ಲ? ಪ್ರೀತಿ ಕಮ್ಮಿ ಆಯ್ತಾ?' ಎಂದು ಕೇಳಿದ. ಏನೋ ಹೇಳಿ ಕಳಿಸಿದೆ. ಛಾವಣಿಯ ನಡುವಿನ ಭಾಗ ಈಗಲೂ ನನಗೆ ಎಟುಕುವುದಿಲ್ಲ. ಅದನ್ನು ಮಗನೇ ತೊಳೆಯುತ್ತಾನೆ. ನಾನು ಕೆಳಗೆ ನಿಂತು ನೀರು ಕೊಡುತ್ತೇನೆ.